ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳು

ಸುಶ್ರಾವ್ಯವಾದ ಗಾನವನ್ನು ಕೇಳುತ್ತಿರುವಾಗ ಶ್ರೋತೃವಿನ ಮೈಯಲ್ಲಿ ಒಮ್ಮೊಮ್ಮೆ ನವಿರೇಳುವದುಂಟು. ಚಳಿಯಿಲ್ಲ, ಭಯವಿಲ್ಲ, ಆದರೂ ಕತ್ತಿನ ಹಿಂಬದಿಯಿಂದ ಬೆನ್ನಿನಗುಂಟ ತಣ್ಣನೆಯ ತೆರೆಯೊಂದು ಇಳಿದಂತಾಗಿ ತೋಳಿನ ರೋಮಗಳು ನಿಮಿರುತ್ತವೆ, ಕಣ್ಣುಗಳು ತುಂಬುತ್ತವೆ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ತಂಭ, ಸ್ವೇದ, ಕಂಪ, ಅಶ್ರು ಮೊದಲಾದವುಗಳ ಜೊತೆಗೆ ಇದಕ್ಕೂ ರೋಮಾಂಚವೆಂಬ ಹೆಸರಿನಿಂದ ಸ್ಥಾನವುಂಟು. ನಮ್ಮ ಪುರಾಣಕವಿಗಳು ಶರಣರ ಭಕ್ತಿಯನ್ನು ವರ್ಣಿಸುವಲ್ಲೆಲ್ಲ ಪುಲಕವೆಂಬ ಶಬ್ದವನ್ನು ಮರೆಯದೆ ಬಳಸಿದ್ದಾರೆ. ಬಸವಣ್ಣನವರಂತೂ ತಮ್ಮ ಶರೀರವನ್ನೇ ಕೂಡಲಸಂಗಮದೇವನ ಕೈಯೊಳಗಿನ ವಾದ್ಯವೆಂದು ಭಾವಿಸಿದ ಮಹಾನುಭಾವರು. ಈ ಪುಲಕವನ್ನು ಅರಮನೆಗಳ ದಿವಾಣಖಾನೆಯಿಂದ ಬಿಡಿಸಿ ತಂದು, ಕಪ್ಪುಮಣ್ಣಿನ ನಾಡಿನ ರೈತರ ಅಂಗಳಕ್ಕೆ ಮುಟ್ಟಿಸಿದವರು ಹುಟ್ಟುಗುರುಡರಾದ ಒಬ್ಬ ಮಹಾಪುರುಷರು. ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಶ್ರೀ ಪಂಚಾಕ್ಷರ ಗವಾಯಿಗಳ ಚರಿತ್ರವನ್ನು ಶ್ರೀಮಠದ ಈ ಮಹೋತ್ಸವದ ಸಂದರ್ಭದಲ್ಲಿ ಭಕ್ತಮಹಾಶಯರ ಮುಂದೆ ಸಂಕ್ಷೇಪವಾಗಿ ಇಡುವದು ಯೋಗ್ಯವೆಂದು ತೋರಿದೆ.

ಇವರು 1892ನೆಯ ಇಸವಿಯ ಫೆಬ್ರುವರಿ 2ರಂದು ಆಗಿನ ಧಾರವಾಡ ಜಿಲ್ಲೆಯ, ಈಗಿನ ಹಾವೇರಿ ಜಿಲ್ಲೆಯ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಅಣ್ಣನಾದ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಬಡ ಜಂಗಮರ ಮನೆಯಲ್ಲಿ ಇಬ್ಬರು ಅಂಧ ಬಾಲಕರೆಂದರೆ ಆ ತಾಯಿತಂದೆಗಳ ಸ್ಥಿತಿಯನ್ನು ವಾಚಕರೇ ಊಹಿಸಬಹುದು. ಕಾಲವೂ ಸುಭಿಕ್ಷದ್ದಾಗಿರಲಿಲ್ಲ. 1896-97ರಲ್ಲಿ ಒಂದು ಬರ, 1899-1900ರಲ್ಲಿ ಅದಕ್ಕಿಂತ ಘೋರವಾದ ಇನ್ನೊಂದು ಬರ, ನಡುವೆ ಪ್ಲೇಗಿನ ಉಪದ್ರವ. ಮುಂಬಯಿ ಇಲಾಖೆಯ ಹಳ್ಳಿಹಳ್ಳಿಗಳಲ್ಲಿ ಕೈಕಾಲು ಗಟ್ಟಿಯಿದ್ದವರೇ ಅನ್ನಕ್ಕೆ ಪರದಾಡುತ್ತಿದ್ದರು. ಅಂಥ ದಿನಗಳಲ್ಲಿ ಕುರುಡನಿಗೆ ಲೋಕವು ತೋರಿಸುತ್ತಿದ್ದ ದಾರಿ ಒಂದೇ: ಏಕತಾರಿಯನ್ನು ಹಿಡಿದು ಜಾತ್ರೆಯ ಬಾಗಿಲಲ್ಲಿ ಕುಳಿತುಕೊಳ್ಳುವದು. ಹಾಡು ಅವನ ಪಾಲಿಗೆ ವಿದ್ಯೆಯಲ್ಲ, ಭಿಕ್ಷೆಯ ಜೋಳಿಗೆ.

ಈ ದಾರಿಯನ್ನು ತಿರುಗಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಈ ಮಹಾಸ್ವಾಮಿಗಳ ಹೆಸರನ್ನು ಅರಿಯದ ಭಕ್ತರು ಈ ನಾಡಿನಲ್ಲಿ ಇಲ್ಲ. ಅವರು ಆ ಬಾಲಕರ ಕಂಠವನ್ನು ಕೇಳಿದರು. ಕೇಳಿ, ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಊರ ಜನರೂ ಆ ಕಂಠವನ್ನು ಕೇಳಿದ್ದರು, ಮೆಚ್ಚಿ ಒಂದು ಹಿಡಿ ಜೋಳವನ್ನೂ ನೀಡಿರಬಹುದು. ಮೆಚ್ಚಿಕೆಗೂ ಹೊಣೆಗೂ ಇರುವ ಅಂತರವು ಇಲ್ಲಿದೆ. ಹಾಡು ಕೇಳಿ ಮೈ ನವಿರೆದ್ದ ಬಳಿಕ ಹಾಡಿದವನ ನಾಳಿನ ಗಂಜಿಯ ಚಿಂತೆಯನ್ನು ಮಾಡುವವರು ಸಾವಿರಕ್ಕೊಬ್ಬರು, ಕುಮಾರಸ್ವಾಮಿಗಳು ಅಂಥವರು.

ಸ್ವಾಮಿಗಳು ಗದಿಗೆಯ್ಯನ ವಿದ್ಯಾಭ್ಯಾಸದಲ್ಲಿ ತೋರಿಸಿದ ವಿವೇಚನೆಯು ಇಂದಿಗೂ ಆಶ್ಚರ್ಯಕರವಾದದ್ದು. ಮೊದಲು ದಕ್ಷಿಣಾದಿ ಸಂಗೀತಕ್ಕಾಗಿ ಅವನನ್ನು ಮೈಸೂರಿಗೆ ಕಳುಹಿಸಿ ಗವಾಯಿ ವೆಂಕಟರಮಣಯ್ಯನವರ ಬಳಿ ಅಭ್ಯಾಸಕ್ಕೆ ನಿಲ್ಲಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆ ಮೈಸೂರು ವೀಣೆ ಶೇಷಣ್ಣನವರ, ಬಿಡಾರಂ ಕೃಷ್ಣಪ್ಪನವರ ಮೈಸೂರು. ಬೀದಿಯಲ್ಲಿ ನಡೆದರೂ ಸ್ವರವು ಕಿವಿಗೆ ಬೀಳುವ ಊರು. ಅಲ್ಲಿ ವರ್ಷಗಟ್ಟಲೆ ಕೃಷಿಮಾಡಿದ ಬಳಿಕ ಉತ್ತರಾದಿ ಪದ್ಧತಿಗಾಗಿ ಮಿರಜಿನ ನೀಲಕಂಠಬುವಾ ಆಲೂರಮಠ ಅವರ ಶಿಷ್ಯತ್ವ. ಗ್ವಾಲಿಯರ ಘರಾಣೆಯ ಈ ವಿದ್ವಾಂಸರೇ ಮುಂದೆ ಮನ್ಸೂರ ಮಲ್ಲಿಕಾರ್ಜುನರಿಗೂ ಗುರುಗಳಾದವರು. ಹೀಗೆ ಎರಡೂ ಗಂಗೆಗಳಲ್ಲಿ ಮಿಂದು ಬಂದ ಶಿಷ್ಯನಿಗೆ ಸ್ವಾಮಿಗಳು ಪಂಚಾಕ್ಷರಿಯೆಂಬ ನಾಮವನ್ನು ಅನುಗ್ರಹಿಸಿದರು. ಉಭಯಗಾನ ವಿಶಾರದರೆಂದು ನಾಡವರು ಅವರನ್ನು ಕರೆದದ್ದು ಬರಿಯ ಬಿರುದಾಗಿರಲಿಲ್ಲ. ಎರಡೂ ಪದ್ಧತಿಗಳಲ್ಲಿ ಕಛೇರಿ ಮಾಡಬಲ್ಲವರು ಆಗಲೂ ವಿರಳ, ಈಗಲೂ ವಿರಳ.

ಈ ಎರಡು ಪದ್ಧತಿಗಳು ಶ್ರೋತೃವನ್ನು ಮುಟ್ಟುವ ಬಗೆ ಬೇರೆಬೇರೆಯೆಂಬುದನ್ನು ಇಲ್ಲಿ ಹೇಳಬೇಕು. ದಕ್ಷಿಣಾದಿಯಲ್ಲಿ ಸ್ವರವು ಗಮಕದಿಂದ ತೂಗುತ್ತ, ಸಾಹಿತ್ಯದ ಕೈಹಿಡಿದು, ತಾಳದ ಲೆಕ್ಕದೊಳಗೆ ನಡೆಯುತ್ತದೆ. ಒಂದು ಸಾಲನ್ನು ಹತ್ತು ರೀತಿಯಾಗಿ ತಿರುಗಿಸಿ ಹಾಡಿದಾಗ ಹನ್ನೊಂದನೆಯ ತಿರುವಿನಲ್ಲಿ ಅರ್ಥವು ಥಟ್ಟನೆ ಎದೆಗೆ ನಾಟುತ್ತದೆ. ಉತ್ತರಾದಿಯ ವಿಳಂಬಿತದಲ್ಲಿ ಹಾಗಲ್ಲ. ಎರಡು ತಂಬೂರಿಗಳ ಝೇಂಕಾರದ ನಡುವೆ ಗಾಯಕನು ಒಂದೇ ಸ್ವರದ ಮೇಲೆ ನಿಲ್ಲುತ್ತಾನೆ, ಮುಂದಿನದರ ಹೊಸ್ತಿಲವರೆಗೆ ಹೋಗಿ ಹಿಂತಿರುಗುತ್ತಾನೆ, ಕೇಳುವವನನ್ನು ಕಾಯಿಸುತ್ತಾನೆ. ಕೊನೆಗೆ ಮೇಲಿನ ಷಡ್ಜವು ಶುದ್ಧವಾಗಿ ಹತ್ತಿದಾಗ ಅಥವಾ ಬಂದಿಶದ ಮುಖವು ಸಮದ ಮೇಲೆ ಬಂದು ಬಿದ್ದಾಗ ಸಭೆಯೆಲ್ಲ ಒಂದೇ ದೇಹವೆಂಬಂತೆ ತಲೆದೂಗುತ್ತದೆ. ಕಾಯುವಿಕೆ ಮತ್ತು ಕೈಗೂಡುವಿಕೆ, ಇವೆರಡರ ನಡುವೆ ಪುಲಕವು ಹುಟ್ಟುತ್ತದೆ.

ಆಧುನಿಕ ಶಾಸ್ತ್ರಜ್ಞರು ಇದನ್ನೇ ತಮ್ಮ ಉಪಕರಣಗಳಿಂದ ಅಳೆದು ನೋಡಿದ್ದಾರೆ. ಪ್ರತಿಯೊಂದು ರೋಮದ ಬುಡದಲ್ಲಿ ಎಳೆಯಂಥ ಒಂದು ಸ್ನಾಯುವುಂಟು. ಅದು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ಚಳಿಯಾದಾಗ ಪ್ರಾಣಿಗಳ ತುಪ್ಪಳವನ್ನು ಉಬ್ಬಿಸಿ ಬೆಚ್ಚಗಿಡುವದು, ಬೆದರಿದಾಗ ಮೈಯನ್ನು ದೊಡ್ಡದಾಗಿ ತೋರಿಸುವದು ಅದರ ಮೂಲ ಕೆಲಸ. ತುಪ್ಪಳವಿಲ್ಲದ ಮಾನವನಲ್ಲಿ ಅದು ಸಂಗೀತಕ್ಕೂ ಏಳುವದೇಕೆ? ಇಂಗ್ಲಂಡದ ಸ್ಲೊಬೊಡಾ ಎಂಬ ವಿದ್ವಾಂಸರು 1991ರಲ್ಲಿ, ಶ್ರೋತೃಗಳು ನವಿರೆದ್ದಿತೆಂದು ಹೇಳಿದ ಸ್ಥಳಗಳನ್ನು ಸಂಗೀತಲಿಪಿಯಲ್ಲಿ ಗುರುತಿಸಿ ನೋಡಿದಾಗ, ನಿರೀಕ್ಷೆಗೆ ವಿರುದ್ಧವಾಗಿ ಸ್ವರಮೇಳವು ಹೊಸ ತಿರುವು ತೆಗೆದುಕೊಳ್ಳುವ ಕಡೆಗಳೇ ಅವುಗಳಲ್ಲಿ ಮುಖ್ಯವಾಗಿ ಕಂಡವು. ಅಮೇರಿಕದ ಪಾಂಕ್ಸೆಪ್ ಅವರು 1995ರಲ್ಲಿ ಬರೆಯುತ್ತ, ಹರ್ಷದ ಗೀತಕ್ಕಿಂತ ಶೋಕದ ಗೀತವೇ ಹೆಚ್ಚು ನವಿರೇಳಿಸುವದೆಂದೂ, ತಾಯಿಯನ್ನು ಅಗಲಿದ ಮರಿಯ ಕೂಗಿನ ಸ್ಮರಣೆಯು ಆ ಸ್ವರಗಳಲ್ಲಿ ಅಡಗಿರಬಹುದೆಂದೂ ಊಹಿಸಿದರು. ಊಹೆಯೇ ಸರಿ, ಆದರೆ ಅಗಲಿಕೆಯ ಹಾಡಿಗೆ ನಮ್ಮ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುವದನ್ನು ನೋಡಿದವರಿಗೆ ಅದು ತೀರ ದೂರದ್ದೆನಿಸದು. ಕೆನಡಾದ ಮಾಂಟ್ರಿಯಾಲಿನಲ್ಲಿ 2001ರಲ್ಲಿ ಬ್ಲಡ್ ಮತ್ತು ಝಟೋರೆ ಎಂಬವರು, ನವಿರೇಳುವ ಕ್ಷಣದಲ್ಲಿ ಮೆದುಳಿನ ರಕ್ತಸಂಚಾರವನ್ನು ಚಿತ್ರಿಸಿ, ಹಸಿದವನಿಗೆ ಅನ್ನವು ದೊರೆತಾಗ ಎಚ್ಚರಗೊಳ್ಳುವ ಭಾಗಗಳೇ ಆಗಲೂ ಎಚ್ಚರಗೊಳ್ಳುವವೆಂದು ತೋರಿಸಿದರು. 2011ರಲ್ಲಿ ಅದೇ ಊರಿನ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಡೋಪಮಿನ್ ಎಂಬ ರಸವು ಒಮ್ಮೆ ಆ ಕ್ಷಣವನ್ನು ಕಾಯುವಾಗ ಮೆದುಳಿನ ಒಂದು ಭಾಗದಲ್ಲಿಯೂ, ಮತ್ತೊಮ್ಮೆ ಆ ಕ್ಷಣವು ಬಂದಾಗ ಇನ್ನೊಂದು ಭಾಗದಲ್ಲಿಯೂ ಸ್ರವಿಸುತ್ತದೆಯಂತೆ. ಸಮಕ್ಕಾಗಿ ಕಾಯುವದು ಒಂದು ಸುಖ, ಸಮವು ಬರುವದು ಇನ್ನೊಂದು ಸುಖವೆಂಬುದನ್ನು ಗವಾಯಿಗಳ ಪರಂಪರೆಯು ಯಂತ್ರವಿಲ್ಲದೆ ಬಲ್ಲದು.

ಇದೇ ಸಂಶೋಧನೆಗಳಿಂದ ತಿಳಿದ ಇನ್ನೊಂದು ಮಾತನ್ನು ಭಕ್ತರು ಲಕ್ಷ್ಯದಲ್ಲಿಡುವದು ಒಳಿತು. ಎಲ್ಲರಿಗೂ ಈ ನವಿರು ಏಳುವದಿಲ್ಲ. ಸಂಗೀತವನ್ನು ಮನಃಪೂರ್ವಕವಾಗಿ ಪ್ರೀತಿಸುವವರಲ್ಲಿಯೂ ಕೆಲವರಿಗೆ ಜನ್ಮದಲ್ಲಿ ಒಮ್ಮೆಯೂ ಆಗಿರುವದಿಲ್ಲ. ಅದು ಅವರವರ ದೇಹಪ್ರಕೃತಿ. ಭಜನೆಯಲ್ಲಿ ಪಕ್ಕದವನು ಕಣ್ಣೀರು ಸುರಿಸಿದನೆಂದು ತಾನು ಭಕ್ತಿಹೀನನೆಂದು ಕುಗ್ಗುವದೂ, ತನಗೆ ಪುಲಕವಾಯಿತೆಂದು ಹಿಗ್ಗಿ ಪಕ್ಕದವನನ್ನು ಕೀಳಾಗಿ ಕಾಣುವದೂ ಸಲ್ಲದು. ಗವಾಯಿಗಳ ಜೀವನವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅವರ ದಿನದ ಬಹುಭಾಗವು ಪುಲಕದಲ್ಲಿ ಕಳೆದದ್ದಲ್ಲ. ಪುಲಕದ ಸುಳಿವೂ ಇಲ್ಲದ ದುಡಿಮೆಯಲ್ಲಿ ಕಳೆದದ್ದು.

ಆ ದುಡಿಮೆಯು ಎಂಥದು? ಅಂಧರ ಹಾಗೂ ಅನಾಥರ ಸೇವೆಗಾಗಿಯೇ ಬಾಳುವೆನೆಂದು ಅವರು ಗುರುವಿನ ಸನ್ನಿಧಿಯಲ್ಲಿ ಆಜನ್ಮ ಬ್ರಹ್ಮಚರ್ಯದ ವ್ರತವನ್ನು ತೊಟ್ಟರು. ಗುರುವಿನ ಆಣತಿಯಂತೆ ಸಂಗೀತಶಾಲೆಯೊಂದು ಹುಟ್ಟಿತು. ಅದಕ್ಕೆ ಗೋಡೆಯಿರಲಿಲ್ಲ, ಮಾಡಿರಲಿಲ್ಲ. ಗುರುಗಳು ಎಲ್ಲಿಯೋ ಅಲ್ಲಿಯೇ ಶಾಲೆ. ಊರಿಂದೂರಿಗೆ ಬಂಡಿಗಳಲ್ಲಿ ತಂಬೂರಿ, ತಬಲಾ, ಹಾರ್ಮೋನಿಯಂಗಳ ಜೊತೆಗೆ ಒಬ್ಬರ ಹೆಗಲನ್ನು ಒಬ್ಬರು ಹಿಡಿದ ಅಂಧ ಬಾಲಕರು ಸಾಗುತ್ತಿದ್ದರು; ಕಣ್ಣಿದ್ದ ಬಡಮಕ್ಕಳೂ ಜೊತೆಗಿದ್ದರು. ಇವರ ಜಾತಿಯೇನು ಕುಲವೇನೆಂದು ಕೇಳುವ ಪದ್ಧತಿಯು ಆ ಬಿಡಾರದಲ್ಲಿ ಇರಲಿಲ್ಲ. ಮಠವಾಗಲಿ, ಗುಡಿಯ ಪೌಳಿಯಾಗಲಿ, ದೊರೆತಲ್ಲಿ ಇಳಿದು ಪಾಠ. ರಾತ್ರಿ ಊರವರಿಗೆ ಕೀರ್ತನ, ಗಾಯನ. ಬೆಳಗಾದರೆ ಮತ್ತೆ ಸರಿಗಮ.

ಕಣ್ಣಿಲ್ಲದ ಮಗುವಿಗೆ ಕಣ್ಣಿಲ್ಲದ ಗುರುವು ತಬಲಾ ಕಲಿಸುವದನ್ನು ಮನಸ್ಸಿಗೆ ತಂದುಕೊಳ್ಳಬೇಕು. ತೋರಿಸಿ ಕೊಡುವಂತಿಲ್ಲ. ಮಗುವಿನ ಬೆರಳನ್ನು ಹಿಡಿದು ಚರ್ಮದ ಅಂಚೆಲ್ಲಿ, ಕರಣೆಯೆಲ್ಲಿ ಎಂದು ಮುಟ್ಟಿಸಬೇಕು. ಹೊಡೆತವು ತಪ್ಪಿದ್ದನ್ನು ದನಿಯಿಂದಲೇ ಅರಿತು, ಬೆರಳು ಎಷ್ಟು ಸರಿಯಬೇಕೆಂಬುದನ್ನು ಮತ್ತೆ ಕೈಯಿಂದಲೇ ತಿದ್ದಬೇಕು. ಬರೆದುಕೊಳ್ಳಲು ಪುಸ್ತಕವಿಲ್ಲ, ನೆನಪೇ ಪುಸ್ತಕ. ಒಂದು ಅಲಂಕಾರವನ್ನು ನೂರು ಸಲ, ಸಾವಿರ ಸಲ. ಇಲ್ಲಿ ಯಾವ ನವಿರು ಏಳೀತು! ಆದರೆ ಹೀಗೆ ಮಾಗಿದ ಕಂಠವೇ ಮುಂದೊಂದು ದಿನ ಸಾವಿರ ಜನರ ಮೈ ನವಿರೇಳಿಸುವದು. ಗವಾಯಿಗಳ ಬಗ್ಗೆ ಭಕ್ತರಲ್ಲಿ ಅನೇಕ ಪವಾಡಗಳ ಕಥೆಗಳು ಪ್ರಚಾರದಲ್ಲಿವೆ. ಅವುಗಳನ್ನು ಇಲ್ಲಿ ಸೇರಿಸಿಲ್ಲ. ಬೀದಿಯ ಪಾಲಾಗಬೇಕಾಗಿದ್ದ ಕುರುಡು ಮಗುವೊಂದು ಸಭೆಯ ಮಧ್ಯದಲ್ಲಿ ತಂಬೂರಿ ಹಿಡಿದು ಕುಳಿತು, ಊರಿನ ಗೌಡರೂ ದೇಸಾಯರೂ ಎದುರಿಗೆ ಮೌನವಾಗಿ ಕುಳಿತು ಕೇಳುವಂತೆ ಮಾಡಿದ್ದಕ್ಕಿಂತ ಹೆಚ್ಚಿನ ಪವಾಡವು ಬೇಕೆಂದು ಈ ಲೇಖಕನಿಗೆ ತೋರುವದಿಲ್ಲ.

ಈ ಬಿಡಾರದ ಅನ್ನಕ್ಕೆ ಮೂಲವು ಜನರ ಔದಾರ್ಯವೊಂದೇ. ಯಾವ ಸಂಸ್ಥಾನದ ವರ್ಷಾಶನದಿಂದಲೂ ಅದು ನಡೆದುದಲ್ಲ. ಹಳ್ಳಿಯವರು ಕೊಟ್ಟ ಜೋಳ, ಬೇಳೆ, ಕಟ್ಟಿಗೆಗಳಿಂದ ಒಲೆ ಹೊತ್ತುತ್ತಿತ್ತು. ಗದಗ ಸೀಮೆಯ ಜನರಿಗೆ ಇಂಥ ಕೂಡುಬಾಳು ಹೊಸದೇನೂ ಅಲ್ಲ. ನಮ್ಮ ಕಣಗಿನಹಾಳದ ಹೆಸರು ದೇಶದಲ್ಲೆಲ್ಲ ತಿಳಿದಿರುವದು ಯಾವುದರಿಂದ? 1904ರ ಸಹಕಾರಿ ಕಾಯಿದೆಯು ಬಂದ ಮರುವರ್ಷವೇ, 1905ರಲ್ಲಿ, ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಇಲ್ಲಿಯ ರೈತರು ಕೂಡಿ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದ್ದರಿಂದ. ದೇಶದಲ್ಲಿಯೇ ಅಂಥದು ಮೊದಲನೆಯದೆಂಬ ಕೀರ್ತಿಯು ಈ ಪುಟ್ಟ ಊರಿಗೆ ಸಂದಿದೆ. ಸಾಲದಿಂದ ನೊಂದವನನ್ನು ಹತ್ತು ಜನ ಕೂಡಿ ಎತ್ತುವದೂ, ಕಣ್ಣಿಲ್ಲದ ಮಗುವನ್ನು ಹತ್ತು ಊರು ಕೂಡಿ ಸಾಕುವದೂ ಒಂದೇ ಬುದ್ಧಿಯ ಎರಡು ಕೆಲಸಗಳು. ಇರಲಿ, ಸ್ವಂತ ಊರಿನ ಅಭಿಮಾನದಿಂದ ಮಾತು ತುಸು ಬೇರೆಡೆಗೆ ಹೋಯಿತು.

1930ರಲ್ಲಿ ಶ್ರೀ ಕುಮಾರಸ್ವಾಮಿಗಳು ಲಿಂಗೈಕ್ಯರಾದರು. ಗವಾಯಿಗಳಿಗೆ ಆಗ 38 ವರ್ಷ. ಬೆನ್ನಿಗಿದ್ದ ಬೆಟ್ಟವು ಜಾರಿದಂತಾಯಿತು. ಕೊರಳ ಸುತ್ತಲೂ ಮಕ್ಕಳು, ನೆಲೆಯೆಂಬುದಿಲ್ಲ, ಕಾಲವೋ ಜಗತ್ತಿನಾದ್ಯಂತ ಧಾನ್ಯದ ಬೆಲೆ ಬಿದ್ದು ರೈತನ ಕೈ ಬರಿದಾದ ಕಾಲ. ಅವರ ವಿದ್ಯೆಗೆ ಹೊರಗೆ ಬೆಲೆಯಿರಲಿಲ್ಲವೆಂದಲ್ಲ. ಅದು ಗ್ರಾಮಫೋನಿನ, ನಾಟಕ ಕಂಪನಿಗಳ ಸುಗ್ಗಿಯ ಕಾಲ. ಶಿರಹಟ್ಟಿ ವೆಂಕೋಬರಾಯರ, ಗರುಡ ಸದಾಶಿವರಾಯರ ಮಂಡಳಿಗಳಿಂದ ಈ ಸೀಮೆಯ ಕಿವಿಯು ಪಳಗಿತ್ತು. ಕುಂದಗೋಳದ ಸವಾಯಿ ಗಂಧರ್ವರ ಹೆಸರು ಪುಣೆ ಮುಂಬಯಿಗಳವರೆಗೆ ಹಬ್ಬಿತ್ತು. ಅವರ ಗುರುಗಳಾದ ಅಬ್ದುಲ್ ಕರೀಮ್ ಖಾನ್ ಸಾಹೇಬರ ಠುಮರಿಯ ಒಂದೇ ಒಂದು ತಟ್ಟೆಯನ್ನು ಕೇಳಿ, ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆಯುತ್ತಿದ್ದ ಭೀಮಸೇನ ಜೋಶಿಯೆಂಬ ಬಾಲಕನು 1933ರಲ್ಲಿ ಗುರುವನ್ನು ಅರಸುತ್ತ ಮನೆಬಿಟ್ಟು ಓಡಿಹೋದ ಸಂಗತಿಯು ಪ್ರಸಿದ್ಧವೇ ಇದೆ. ಪುಲಕಕ್ಕೆ ಒಬ್ಬ ಹನ್ನೊಂದು ವರುಷದ ಹುಡುಗನನ್ನು ರೈಲು ಹತ್ತಿಸುವ ಶಕ್ತಿಯುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇಂಥ ದಿನಗಳಲ್ಲಿ ಗವಾಯಿಗಳು ಒಬ್ಬರೇ ಹೊರಟಿದ್ದರೆ ಹಣವೂ ಕೀರ್ತಿಯೂ ದುರ್ಲಭವಾಗಿರಲಿಲ್ಲ. ಆದರೆ ಮಕ್ಕಳನ್ನು ಎಲ್ಲಿ ಬಿಡುವದು? ಅವರು ಬಿಡಲಿಲ್ಲ. ತಮ್ಮ ಕಂಠದ ಗಳಿಕೆಯನ್ನೆಲ್ಲ ಆ ಮಕ್ಕಳ ಎಲೆಗೆ ಬಡಿಸಿದರು.

ಅವರು ಶಿಷ್ಯರನ್ನು ಕಂಠದಿಂದಲೇ ಗುರುತಿಸುತ್ತಿದ್ದರು. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1917ರಲ್ಲಿ ಹುಟ್ಟಿ, ತಂದೆಯನ್ನು ಕಳೆದುಕೊಂಡು, ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ಬಸವರಾಜನೆಂಬ ಬಾಲಕನನ್ನು ಅವರು ಹತ್ತಿರಕ್ಕೆ ಕರೆದುಕೊಂಡರು. ಇವರೇ ಮುಂದೆ ಬಸವರಾಜ ರಾಜಗುರು ಎಂದು ಭಾರತದಲ್ಲೆಲ್ಲ ಪ್ರಖ್ಯಾತರಾದವರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು 1936ರಲ್ಲಿ ಹಂಪೆಯಲ್ಲಿ ನೆರವೇರಿದಾಗ ತರುಣ ಬಸವರಾಜರು ಮೊದಲ ಸಲ ಮಹಾಸಭೆಯಲ್ಲಿ ಹಾಡಿದರು. ಅಂದು ಶಿಷ್ಯನಿಗೆ ತಬಲಾ ಸಾಥ ನೀಡಿದವರು ಸ್ವತಃ ಗುರುಗಳು. ಗುರುವು ಮುಂದೆ ಕುಳಿತು ಹಾಡುವದು, ಶಿಷ್ಯನು ಹಿಂದೆ ತಂಬೂರಿ ಮೀಟುವದು ಲೋಕದ ರೂಢಿ. ಇಲ್ಲಿ ಗುರುವೇ ಠೇಕಾ ಹಿಡಿದು, ಶಿಷ್ಯನ ಸ್ವರವು ದಾರಿ ತಪ್ಪದಂತೆ ಕಾಯುತ್ತ ಕುಳಿತರು. ಕಣ್ಣಿಲ್ಲದ ಗಾಯಕನು ಶ್ರೋತೃಗಳ ಮುಖವನ್ನು ನೋಡಲಾರನು. ತೋಳಿನ ರೋಮವು ಎದ್ದುದೂ ಅವನಿಗೆ ಕಾಣದು. ಸಭೆಯ ಉಸಿರು ಒಮ್ಮೆಲೆ ನಿಂತುದನ್ನೂ, ಮತ್ತೆ ನಿಟ್ಟುಸಿರಾಗಿ ಹೊರಬಿದ್ದುದನ್ನೂ ಅವನ ಕಿವಿಯು ಹಿಡಿಯುತ್ತದೆ. ಹಂಪೆಯ ಆ ರಾತ್ರಿಯ ಮೌನವನ್ನು ಗವಾಯಿಗಳಷ್ಟು ಸ್ಪಷ್ಟವಾಗಿ ಕೇಳಿದವರು ಬೇರೆ ಯಾರಿದ್ದಾರು!

ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ, ಪಂಚಾಕ್ಷರಿ ಸ್ವಾಮಿ ಮತ್ತೀಗಟ್ಟಿ ಮೊದಲಾದವರೂ ಇದೇ ಪರಂಪರೆಯ ರತ್ನಗಳು. ಹೆಸರುಗಳ ಪಟ್ಟಿಯನ್ನು ಬೆಳೆಸುವದು ಬೇಡ. ಆದರೆ ಒಂದು ಹೆಸರನ್ನು ಬಿಡುವಂತಿಲ್ಲ. ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ 1914ರ ಮಾರ್ಚ 3ರಂದು ಹುಟ್ಟಿ, ಹಸುಳೆಯಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟಯ್ಯನೆಂಬ ಬಾಲಕನು ಇವರ ಮಡಿಲಿಗೆ ಬಂದನು. ಕುಮಾರಸ್ವಾಮಿಗಳು ಗದಿಗೆಯ್ಯನಿಗೆ ಏನಾದರೋ ಗವಾಯಿಗಳು ಪುಟ್ಟಯ್ಯನಿಗೆ ಅದೇ ಆದರು. ಸಂಗೀತದ ಜೊತೆಗೆ ಸಂಸ್ಕೃತ, ಹಿಂದಿಗಳ ಸಾಹಿತ್ಯವನ್ನೂ ವಶಮಾಡಿಕೊಂಡ ಆ ಬಾಲಕನೇ ಮುಂದೆ ಪುಟ್ಟರಾಜ ಗವಾಯಿಗಳೆಂದು ನಾಡಿಗೆ ಪೂಜ್ಯರಾದರು.

ಬಾಳಿನ ಕೊನೆಯ ವರ್ಷಗಳಲ್ಲಿ ಈ ಸಂಚಾರಿ ಶಾಲೆಗೆ ಗದಗಿನಲ್ಲಿ ನೆಲೆ ದೊರೆಯಿತು. ಬಸರೀಗಿಡದ ವೀರಪ್ಪನವರೆಂಬ ದಾನಿಗಳು ಸ್ಥಳವನ್ನು ಒದಗಿಸಿಕೊಟ್ಟರು. ಅವರ ಹೆಸರೇ ವೀರೇಶ್ವರ ಪುಣ್ಯಾಶ್ರಮವೆಂಬ ನಾಮದಲ್ಲಿ ಉಳಿದಿದೆ. ಮಕ್ಕಳ ತಲೆಯ ಮೇಲೆ ಮಾಡು ಬಂದುದನ್ನು ಗವಾಯಿಗಳು ಕೈಯಿಂದ ಮುಟ್ಟಿ ತಿಳಿದುಕೊಂಡರು. ಆದರೆ ಆ ಮಾಡಿನ ಕೆಳಗೆ ಬಹುಕಾಲ ಇರುವ ಯೋಗವು ಅವರಿಗಿರಲಿಲ್ಲ. 1944ರ ಜೂನ್ 11ರಂದು, ತಮ್ಮ 52ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಪುಣ್ಯಾಶ್ರಮದಲ್ಲಿಯೇ ಅವರ ಗದ್ದಿಗೆಯಿದೆ.

ಒಲೆಯು ಆರಲಿಲ್ಲ. ಪುಟ್ಟರಾಜರು ಆ ಹೊಣೆಯನ್ನು ಹೊತ್ತು, 2010ರ ಸಪ್ಟಂಬರ 17ರಂದು ತಾವು ಲಿಂಗೈಕ್ಯರಾಗುವ ವರೆಗೆ, ಅರುವತ್ತಾರು ವರ್ಷ ಅದನ್ನು ನಡೆಸಿದರು. ಭಾರತ ಸರಕಾರವು ಆ ವರ್ಷವೇ ಅವರಿಗೆ ಪದ್ಮಭೂಷಣವನ್ನು ನೀಡಿತ್ತು. 1995ರಲ್ಲಿ ಪಂಚಾಕ್ಷರ ಗವಾಯಿಗಳ ಚರಿತ್ರವು ಚಲನಚಿತ್ರವಾಗಿಯೂ ಬಂದು, ಅವರ ಹೆಸರನ್ನು ಕೇಳದಿದ್ದ ಪಟ್ಟಣಗಳ ಜನರಿಗೂ ಪರಿಚಯವಾಯಿತು. ಆದರೆ ಹಳ್ಳಿಗಳಿಗೆ ಆ ಪರಿಚಯದ ಅವಶ್ಯಕತೆಯಿರಲಿಲ್ಲ. ಯಾಕಂದರೆ ಶ್ರಾವಣಮಾಸವು ಬಂದಿತೆಂದರೆ ಈ ಸೀಮೆಯ ಮಠಮಠಗಳಲ್ಲಿ, ಗುಡಿಗುಡಿಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಶಾಸ್ತ್ರಿಗಳ ಬಲಗಡೆಗೆ ಹಾರ್ಮೋನಿಯಂ ಹಿಡಿದು ಒಬ್ಬ ಗವಾಯಿ, ಎಡಗಡೆಗೆ ತಬಲಾದವನು ಕುಳಿತಿರುತ್ತಾರೆ. ಎಲ್ಲಿ ಕಲಿತಿರೆಂದು ಕೇಳಿದರೆ ಬಹಳ ಮಟ್ಟಿಗೆ ಬರುವ ಉತ್ತರವು ಗದಗಿನ ಆಶ್ರಮದಲ್ಲಿ ಎಂಬುದೇ. ಎಷ್ಟೋ ಸಲ ಹಾಗೆ ಉತ್ತರಿಸುವವನಿಗೆ ಕಣ್ಣಿರುವದಿಲ್ಲ. ಶಾಸ್ತ್ರಿಗಳು ಕಥೆಯನ್ನು ನಿಲ್ಲಿಸಿ ಸನ್ನೆ ಮಾಡಿದ ಕೂಡಲೆ ತಬಲಾದವನು ಅವನ ತೊಡೆಯನ್ನು ಮೆಲ್ಲನೆ ಮುಟ್ಟುತ್ತಾನೆ. ಅವನು ಕತ್ತನ್ನು ತುಸು ಮೇಲೆತ್ತಿ ಷಡ್ಜವನ್ನು ಹಿಡಿಯುತ್ತಾನೆ. ಹೊಲದಿಂದ ಆಗಲೇ ಬಂದು, ಕೈಕಾಲು ತೊಳೆದು, ಕಂಬಳಿ ಹೊದ್ದು ಹಿಂದಿನ ಸಾಲಿನಲ್ಲಿ ಕುಳಿತ ರೈತನ ತೋಳಿನ ರೋಮಗಳು ಕಂಬಳಿಯೊಳಗೆ ಎದ್ದು ನಿಲ್ಲುತ್ತವೆ.